ಬಾಡಿಗೆ ಕರಾರಿನ ನವೀಕರಣ: ತಪ್ಪು ನುಸುಳಿದಾಗ ತಿದ್ದುವ ಕ್ರಮ

ಕರ್ನಾಟಕದ ನಗರಗಳಲ್ಲಿ ವಾಸದ ಮನೆಗಳ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳ ಅವಧಿಯದ್ದಾಗಿರುತ್ತದೆ. ಆ ಅವಧಿ ಮುಗಿಯುತ್ತ ಬಂದಾಗ ಮಾಲೀಕರೂ ಬಾಡಿಗೆದಾರರೂ ಷರತ್ತುಗಳನ್ನು ಹೊಸದಾಗಿ ಚರ್ಚಿಸಿ ಬರೆಸುವುದು ಅಪರೂಪ. ಹಿಂದಿನ ವರ್ಷದ ಕರಾರಿನ ಕಂಪ್ಯೂಟರ್ ಪ್ರತಿಯನ್ನು ತೆರೆಸಿ, ಬಾಡಿಗೆಯ ಮೊತ್ತವನ್ನೂ ಎರಡು ಮೂರು ದಿನಾಂಕಗಳನ್ನೂ ಬದಲಿಸಿ, ಹೊಸ ಇ-ಸ್ಟ್ಯಾಂಪ್ ಕಾಗದದೊಂದಿಗೆ ಮುದ್ರಿಸಿ ಸಹಿ ಹಾಕುವುದೇ ರೂಢಿ. ನವೀಕರಣದಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಈ ರೂಢಿಯಿಂದಲೇ ಹುಟ್ಟುತ್ತವೆ. ಬದಲಾಗಬೇಕಾದ ದಿನಾಂಕ ಹಳೆಯದಾಗಿಯೇ ಉಳಿಯುತ್ತದೆ, ಬದಲಾಗಬಾರದ ಮೊತ್ತ ಬದಲಾಗುತ್ತದೆ, ಅಂಕಿಯಲ್ಲಿ ಹೊಸ ಬಾಡಿಗೆಯೂ ಅಕ್ಷರದಲ್ಲಿ ಹಳೆಯ ಬಾಡಿಗೆಯೂ ನಿಲ್ಲುತ್ತವೆ, ಬಾಯಿಮಾತಿನಲ್ಲಿ ಒಪ್ಪಿಕೊಂಡ ಷರತ್ತು ಕಾಗದಕ್ಕೆ ಇಳಿಯುವುದೇ ಇಲ್ಲ.

ಇವುಗಳಲ್ಲಿ ಕಣ್ಣಿಗೆ ಬೀಳುವ ತಪ್ಪು, ಅಂದರೆ ಅಂಕಿಯ ಇಲ್ಲವೇ ಅಕ್ಷರದ ದೋಷ, ನೋಡಲು ದೊಡ್ಡದಾಗಿ ಕಂಡರೂ ಅದನ್ನು ಸರಿಪಡಿಸುವುದು ಬಹುಮಟ್ಟಿಗೆ ಸುಲಭ. ಏಕೆಂದರೆ ಅದು ತಪ್ಪೆಂದು ತೋರಿಸುವ ಕುರುಹುಗಳು ಅದೇ ಕಾಗದದಲ್ಲಿ ಬೇರೆಡೆ ಸಿಗುತ್ತವೆ. ಹಿಂದಿನ ಕರಾರಿನಲ್ಲಿದ್ದು ಹೊಸದರಲ್ಲಿ ಬಿಟ್ಟುಹೋದ ಷರತ್ತು ಮಾತ್ರ ಯಾವ ಕುರುಹನ್ನೂ ಉಳಿಸುವುದಿಲ್ಲ. ಆದ್ದರಿಂದ ನವೀಕೃತ ಕರಾರನ್ನು ಓದುವವರು ಬರೆದದ್ದು ಸರಿಯಿದೆಯೇ ಎಂದು ನೋಡುವುದರ ಜೊತೆಗೆ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಏನು ಬಿಟ್ಟುಹೋಗಿದೆ ಎಂಬುದನ್ನೂ ಪರಿಶೀಲಿಸಬೇಕು, ಮತ್ತು ಈ ಎರಡನೆಯ ಪರಿಶೀಲನೆಗೇ ಹೆಚ್ಚು ಸಮಯ ಕೊಡಬೇಕು.

ನವೀಕರಣವೆಂದರೆ ಹೊಸ ಕರಾರು

ಹಳೆಯ ಕರಾರು ತಾನಾಗಿಯೇ ಮುಂದುವರಿಯುತ್ತದೆ, ಹೊಸ ಕಾಗದ ಬರೀ ಶಾಸ್ತ್ರಕ್ಕೆ ಎಂಬ ನಂಬಿಕೆ ಮಾಲೀಕರಲ್ಲಿಯೂ ಬಾಡಿಗೆದಾರರಲ್ಲಿಯೂ ವ್ಯಾಪಕವಾಗಿದೆ. ಕಾನೂನು ಹಾಗೆ ನೋಡುವುದಿಲ್ಲ. ಅವಧಿ ವಿಸ್ತರಣೆ ಮತ್ತು ನವೀಕರಣ ಇವೆರಡೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಉತ್ತರ ಪ್ರದೇಶ ಸರ್ಕಾರ ಮತ್ತು ಲಾಲ್‌ಜಿ ಟಂಡನ್ ನಡುವಣ ಪ್ರಕರಣದ 2003ರ ತೀರ್ಪಿನಲ್ಲಿಯೂ ಈ ಭೇದವನ್ನು ವಿವರಿಸಲಾಗಿದೆ. ವಿಸ್ತರಣೆಯಲ್ಲಿ ಹಳೆಯ ಗುತ್ತಿಗೆಯೇ ಮುಂದಿನ ದಿನಾಂಕದವರೆಗೆ ಚಾಚಿಕೊಳ್ಳುತ್ತದೆ, ಹೊಸ ಪತ್ರ ಬೇಕಾಗುವುದಿಲ್ಲ. ನವೀಕರಣದಲ್ಲಿ ಹಳೆಯದು ಮುಗಿದು ಹೊಸ ಗುತ್ತಿಗೆಯೊಂದು ಹುಟ್ಟುತ್ತದೆ, ಅದಕ್ಕೆ ಹೊಸ ಪತ್ರ ಬೇಕಾಗುತ್ತದೆ. ಗುತ್ತಿಗೆ ಎಂದರೆ ಇಲ್ಲಿ ಬಾಡಿಗೆ ಪಡೆದು ನಿರ್ದಿಷ್ಟ ಕಾಲಕ್ಕೆ ಸ್ಥಿರಾಸ್ತಿಯ ಬಳಕೆಯ ಹಕ್ಕನ್ನು ಬಿಟ್ಟುಕೊಡುವ ಕ್ರಿಯೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 105ನೇ ಕಲಂ ಅದನ್ನು ಹೀಗೆಯೇ ನಿರೂಪಿಸುತ್ತದೆ. ಹೊಸ ಗುತ್ತಿಗೆಯ ಷರತ್ತುಗಳು ಹೊಸ ಪತ್ರದಲ್ಲಿರುವಂಥವೇ ಆದ್ದರಿಂದ, ಹಿಂದಿನ ಪತ್ರದ ಅನುಕೂಲಗಳು ಹೇಳದೆಯೇ ಹೊಸದಕ್ಕೆ ದಾಟಿಬರುತ್ತವೆ ಎಂದು ಭರವಸೆಯಿಂದ ಇರಲಾಗದು. ಇದರ ಮೇಲೆ ‘ಈ ಕರಾರು ಹಿಂದಿನ ಎಲ್ಲ ಕರಾರುಗಳನ್ನೂ ರದ್ದುಪಡಿಸುತ್ತದೆ’ ಎಂಬ ಸಾಲೂ ಇದ್ದರೆ, ಬಿಟ್ಟುಹೋದ ಷರತ್ತು ಬೇಕೆಂದೇ ಕೈಬಿಟ್ಟದ್ದು ಎಂದು ವಾದಿಸಲು ಎದುರು ಪಕ್ಷಕ್ಕೆ ದಾರಿ ಸಿಗುತ್ತದೆ.

ಈ ಮಾತಿನ ಗಂಭೀರತೆ ಸ್ಪಷ್ಟವಾಗಿ ಕಾಣುವುದು ಮುಂಗಡದ ವಿಷಯದಲ್ಲಿ. ಮನೆ ಬಿಡುವಾಗ ಹಿಂದಿರುಗಿಸಬೇಕಾದ ಠೇವಣಿಯನ್ನೇ ಬಾಡಿಗೆಯ ವ್ಯವಹಾರದಲ್ಲಿ ಮುಂಗಡ ಇಲ್ಲವೇ ಅಡ್ವಾನ್ಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಪಡೆಯುವ ವಾಡಿಕೆ ಬಹುಕಾಲ ಇತ್ತು. ಈಗ ಐದಾರು ತಿಂಗಳ ಬಾಡಿಗೆಗೆ ಒಪ್ಪುವ ಮಾಲೀಕರೂ ಇದ್ದಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸುತ್ತದೆಯಾದರೂ ಅದು ಬರೀ ಮಾದರಿ. ಆಯಾ ರಾಜ್ಯ ಅದನ್ನು ಕಾನೂನಾಗಿ ಅಳವಡಿಸಿಕೊಂಡಾಗ ಮಾತ್ರ ಕಟ್ಟುಪಾಡಾಗುತ್ತದೆ. ಮೊತ್ತ ಎಷ್ಟೇ ಇರಲಿ, ಮೊದಲ ಕರಾರಿನಲ್ಲಿ ‘ಬಾಡಿಗೆದಾರರಿಂದ ಈ ದಿನ ಮುಂಗಡವಾಗಿ ರೂ. 1,50,000 ಪಡೆದಿರುತ್ತಾರೆ’ ಎಂದಿದ್ದ ವಾಕ್ಯ ನವೀಕರಣದ ವೇಳೆ ಎರಡು ವಿಧದಲ್ಲಿ ಕೆಡುತ್ತದೆ. ಹಣ ಹೊಸದಾಗಿ ಕೈಬದಲಾಗಿಲ್ಲ ಎಂಬ ಕಾರಣಕ್ಕೆ ಬೆರಳಚ್ಚು ಮಾಡುವವರು ಆ ವಾಕ್ಯವನ್ನೇ ತೆಗೆದುಹಾಕಿದರೆ, ಒಂದೂವರೆ ಲಕ್ಷ ರೂಪಾಯಿ ಮಾಲೀಕರ ಬಳಿ ಇದೆ ಎನ್ನುವುದಕ್ಕೆ ಜಾರಿಯಲ್ಲಿರುವ ಪತ್ರದಲ್ಲಿ ಆಧಾರವೇ ಇಲ್ಲದಂತಾಗುತ್ತದೆ. ವಾಕ್ಯವನ್ನು ಇದ್ದಂತೆಯೇ ಉಳಿಸಿದರೆ, ಹೊಸ ಪತ್ರದ ದಿನದಂದು ಮತ್ತೊಮ್ಮೆ ಒಂದೂವರೆ ಲಕ್ಷ ಪಡೆದಂತೆ ಓದಬಹುದಾದ್ದರಿಂದ ಈ ಬಾರಿ ತೊಂದರೆ ಮಾಲೀಕರದ್ದಾಗುತ್ತದೆ. ಇಬ್ಬರಿಗೂ ಕ್ಷೇಮವಾದ ಬರವಣಿಗೆ ಎಂದರೆ, ಹಿಂದಿನ ಕರಾರಿನ ದಿನಾಂಕವನ್ನು ಹೆಸರಿಸಿ, ಅದರಡಿ ಪಡೆದ ಮುಂಗಡದ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಅದೇ ಮೊತ್ತ ಈ ಕರಾರಿನಡಿಯೂ ಮಾಲೀಕರಲ್ಲಿ ಮುಂದುವರಿದಿದೆ ಎಂದು ನಮೂದಿಸುವುದು.

ಸುಣ್ಣಬಣ್ಣದ ವೆಚ್ಚದ ಕಡಿತ, ನಿರ್ವಹಣಾ ಶುಲ್ಕ ಯಾರದ್ದು, ವಾಹನ ನಿಲುಗಡೆಯ ಜಾಗ, ಮನೆ ಬಿಡಲು ಕೊಡಬೇಕಾದ ಮುನ್ಸೂಚನೆಯ ಅವಧಿ, ಮನೆಯೊಂದಿಗೆ ಒಪ್ಪಿಸಿದ ಫ್ಯಾನು, ಗೀಸರ್, ದೀಪಗಳ ಪಟ್ಟಿ ಇವೂ ಇದೇ ರೀತಿ ಕಳಚಿಹೋಗುತ್ತವೆ. ಹಳೆಯ ಕರಾರಿಗೆ ಲಗತ್ತಿಸಿದ್ದ ವಸ್ತುಗಳ ಪಟ್ಟಿಯನ್ನು ಹೊಸದಕ್ಕೆ ಲಗತ್ತಿಸುವುದನ್ನಂತೂ ಬಹುತೇಕ ಯಾರೂ ನೆನಪಿಡುವುದಿಲ್ಲ.

ಒಂದೇ ಅಂಕಿ ಮಾಡುವ ವ್ಯತ್ಯಾಸ

ದಿನಾಂಕದ ತಪ್ಪನ್ನು ಒಂದು ಉದಾಹರಣೆಯಿಂದ ನೋಡಬಹುದು. 2024ರ ಜುಲೈ 1ರಂದು ಆರಂಭವಾದ 11 ತಿಂಗಳ ಕರಾರು 2025ರ ಮೇ 31ಕ್ಕೆ ಮುಗಿಯುತ್ತದೆ, ನವೀಕೃತ ಕರಾರು 2025ರ ಜೂನ್ 1ರಿಂದ 2026ರ ಏಪ್ರಿಲ್ 30ರವರೆಗೆ ನಡೆಯಬೇಕು. ಮುಕ್ತಾಯದ ದಿನಾಂಕದಲ್ಲಿ 2026ರ ಬದಲು 2027 ಎಂದು ಬಿದ್ದರೆ ಅವಧಿ 23 ತಿಂಗಳಾಗುತ್ತದೆ. 1908ರ ನೋಂದಣಿ ಕಾಯಿದೆಯ 17ನೇ ಕಲಂ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಪತ್ರವನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. 11 ತಿಂಗಳೆಂಬ ಅವಧಿ ಬಳಕೆಗೆ ಬಂದದ್ದೇ ಈ ಕಡ್ಡಾಯವನ್ನು ತಪ್ಪಿಸಲು. ನೋಂದಾಯಿಸಬೇಕಾಗಿದ್ದೂ ನೋಂದಾಯಿಸದ ಪತ್ರವನ್ನು ಅದೇ ಕಾಯಿದೆಯ 49ನೇ ಕಲಂ ಮುಖ್ಯ ವ್ಯವಹಾರದ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ, ಆನುಷಂಗಿಕ ಉದ್ದೇಶಕ್ಕೆ ಮಾತ್ರ ನೋಡಲು ಬಿಡುತ್ತದೆ. ಹೀಗೆ ಬೆರಳಚ್ಚಿನ ಒಂದು ಅಂಕಿ ಇಡೀ ಪತ್ರದ ಬಲವನ್ನೇ ಪ್ರಶ್ನೆಗೆ ಒಡ್ಡಬಲ್ಲದು.

ಹಾಗೆಂದು ಬಾಡಿಗೆದಾರರು ಬೀದಿಗೆ ಬೀಳುವುದಿಲ್ಲ. ಪತ್ರದ ಬೇರೊಂದು ಸಾಲಿನಲ್ಲಿ ‘ಹನ್ನೊಂದು ತಿಂಗಳ ಅವಧಿಗೆ’ ಎಂದು ಅಕ್ಷರದಲ್ಲಿ ಬರೆದಿದ್ದರೆ, ಇಡೀ ಪತ್ರವನ್ನು ಒಟ್ಟಾಗಿ ಓದಿದಾಗ 2027 ಎಂಬುದು ಕೈತಪ್ಪೆಂದು ತಿಳಿಯುತ್ತದೆ. ಪತ್ರ ನಿಲ್ಲದೇ ಹೋದರೂ ಸಂಬಂಧ ಅಳಿಯುವುದಿಲ್ಲ. ಆಂಟನಿ ಮತ್ತು ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ನಡುವಣ ಕೇರಳದ ಪ್ರಕರಣದಲ್ಲಿ ಐದು ವರ್ಷದ ಗುತ್ತಿಗೆ ಪತ್ರ ನೋಂದಣಿಯಾಗಿರಲಿಲ್ಲ. ಆದರೂ ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿರುವುದರಿಂದ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆದಾರಿಕೆ ಕಾನೂನಿನ ಪ್ರಕಾರ ಇದ್ದೇ ಇದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಮಾನಿಸಿತು. ಹೀಗೆ ತಿಂಗಳ ಲೆಕ್ಕದಲ್ಲಿ ನಡೆಯುವ ಬಾಡಿಗೆದಾರಿಕೆಯನ್ನು ಆಸ್ತಿ ವರ್ಗಾವಣೆ ಕಾಯಿದೆಯ 106ನೇ ಕಲಂ ಪ್ರಕಾರ ಯಾವುದೇ ಪಕ್ಷ 15 ದಿನಗಳ ನೋಟಿಸು ಕೊಟ್ಟು ಕೊನೆಗೊಳಿಸಬಹುದು. ಕರಾರಿನಲ್ಲಿ ಎರಡು ತಿಂಗಳ ಮುನ್ಸೂಚನೆಯ ರಕ್ಷಣೆ ಇದೆಯೆಂದು ನಂಬಿದ್ದ ಕುಟುಂಬಕ್ಕೆ ಪತ್ರದ ದೋಷದಿಂದ ಆಗುವ ನಿಜವಾದ ನಷ್ಟ ಇದೇ.

ಆರಂಭದ ದಿನಾಂಕದಲ್ಲಿ ಹಳೆಯ ವರ್ಷ ಉಳಿದುಕೊಂಡಿದ್ದರೆ ಪತ್ರವು ಆಗಲೇ ಕಳೆದುಹೋದ ಅವಧಿಯನ್ನು ಹೇಳಿದಂತಾಗುತ್ತದೆ. ಇಲ್ಲಿ ಇ-ಸ್ಟ್ಯಾಂಪ್ ಪ್ರಮಾಣಪತ್ರ ನೆರವಿಗೆ ಬರುತ್ತದೆ, ಏಕೆಂದರೆ ಅದರ ಮೇಲೆ ಪ್ರಮಾಣಪತ್ರದ ಸಂಖ್ಯೆ, ವಿತರಣೆಯಾದ ದಿನಾಂಕ ಮತ್ತು ಸಮಯ, ಎರಡೂ ಪಕ್ಷಗಳ ಹೆಸರು ಅಚ್ಚಾಗಿರುತ್ತವೆ. 2025ರಲ್ಲಿ ವಿತರಣೆಯಾದ ಕಾಗದದಲ್ಲಿ 2024ರ ಕರಾರು ಹುಟ್ಟಿರಲಾರದು ಎಂಬುದು ಯಾರಿಗಾದರೂ ತಿಳಿಯುತ್ತದೆ. ಆದರೆ ಅದೇ ವ್ಯತ್ಯಾಸವನ್ನು ಹಿಂದಿನ ದಿನಾಂಕ ಹಾಕಿ ಪತ್ರ ಸೃಷ್ಟಿಸಿದ್ದಾರೆ ಎಂಬ ಆಪಾದನೆಗೂ ಬಳಸಬಹುದಾದ್ದರಿಂದ ಅದನ್ನು ಹಾಗೆಯೇ ಬಿಡುವುದು ಸಲ್ಲದು.

ಬಾಡಿಗೆ ಏರಿಕೆಯ ತಪ್ಪು ಇಷ್ಟು ಜಟಿಲವಲ್ಲ. 22,000 ರೂಪಾಯಿ ಬಾಡಿಗೆಗೆ ಶೇ. 5ರ ಏರಿಕೆ ಒಪ್ಪಿದ್ದರೆ ಹೊಸ ಬಾಡಿಗೆ 23,100 ರೂಪಾಯಿ, ಶೇ. 10 ಎಂದು ಲೆಕ್ಕ ಹಾಕಿ 24,200 ಎಂದು ಬರೆದರೆ ತಿಂಗಳಿಗೆ 1,100 ರೂಪಾಯಿಯಂತೆ 11 ತಿಂಗಳಿಗೆ 12,100 ರೂಪಾಯಿ ಹೆಚ್ಚು ಹೋಗುತ್ತದೆ. ಅಂಕಿ ಮತ್ತು ಅಕ್ಷರ ಬೇರೆ ಬೇರೆಯಾಗಿದ್ದರೆ ಚೆಕ್ಕುಗಳ ವಿಷಯದಲ್ಲಿ ಅಕ್ಷರದ ಮೊತ್ತವೇ ಮಾನ್ಯ ಎಂದು 1881ರ ಕಾಯಿದೆ ಹೇಳುತ್ತದೆ; ಪತ್ರಗಳನ್ನು ಅರ್ಥೈಸುವಾಗಲೂ ಸಾಮಾನ್ಯವಾಗಿ ಅದೇ ಒಲವು ಇರುತ್ತದೆ.

ಕಾನೂನಿನ ದೃಷ್ಟಿಯಲ್ಲಿ ತಪ್ಪು

ಸಹಿ ಹಾಕಿದ ಮೇಲೆ ಕಂಡ ತಪ್ಪನ್ನು ಕಾನೂನು ಒಂದೇ ಗುಂಪಿಗೆ ಸೇರಿಸುವುದಿಲ್ಲ. ಇಬ್ಬರ ಮನಸ್ಸಿನಲ್ಲಿಯೂ ಒಂದೇ ಷರತ್ತು ಇದ್ದು ಕಾಗದದಲ್ಲಿ ಬೇರೊಂದು ಬಂದಿದ್ದರೆ ಅದು ಪರಸ್ಪರ ತಪ್ಪು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೇ ಕಲಂ ಪ್ರಕಾರ, ವಂಚನೆಯಿಂದಾಗಲಿ ಪರಸ್ಪರ ತಪ್ಪಿನಿಂದಾಗಲಿ ಲಿಖಿತ ಪತ್ರವು ಪಕ್ಷಗಳ ನಿಜವಾದ ಉದ್ದೇಶವನ್ನು ಹೇಳದಿದ್ದರೆ, ಅದನ್ನು ತಿದ್ದಿಕೊಡುವಂತೆ ಯಾವುದೇ ಪಕ್ಷ ನ್ಯಾಯಾಲಯವನ್ನು ಕೇಳಬಹುದು. ಬೇರೆ ದಾವೆಯಲ್ಲಿ ಪ್ರತಿವಾದಿಯಾಗಿರುವವರೂ ತಮ್ಮ ಹೇಳಿಕೆಯಲ್ಲಿ ಈ ಪರಿಹಾರವನ್ನು ಬೇಡಬಹುದು. ಒಬ್ಬರು ಮಾತ್ರ ತಪ್ಪು ತಿಳಿದು ಸಹಿ ಹಾಕಿದ್ದರೆ ಸ್ಥಿತಿ ಬೇರೆ. 1872ರ ಭಾರತೀಯ ಒಪ್ಪಂದ ಕಾಯಿದೆಯ 22ನೇ ಕಲಂ ಪ್ರಕಾರ ಒಂದು ಪಕ್ಷದ ತಪ್ಪು ತಿಳಿವಳಿಕೆಯೊಂದೇ ಕಾರಣಕ್ಕೆ ಒಪ್ಪಂದ ಮುರಿಯುವುದಿಲ್ಲ. ಓದದೆ ಸಹಿ ಹಾಕಿದ್ದು ಪರಸ್ಪರ ತಪ್ಪಾಗುವುದಿಲ್ಲ.

ಲಿಖಿತ ಪತ್ರವಿದ್ದಾಗ ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂಬ ಮಾತು ಸಾಮಾನ್ಯ ನಿಯಮವಾಗಿ ನಿಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 94 ಮತ್ತು 95ನೇ ಕಲಂಗಳು, ಹಳೆಯ ಸಾಕ್ಷ್ಯ ಕಾಯಿದೆಯ 91 ಮತ್ತು 92ನೇ ಕಲಂಗಳಂತೆಯೇ, ಈ ನಿಯಮವನ್ನು ಉಳಿಸಿಕೊಂಡಿವೆ. ಆದರೆ ವಂಚನೆ, ಬೆದರಿಕೆ, ತಪ್ಪು ಮುಂತಾದವನ್ನು ಸಾಬೀತುಪಡಿಸಲು ಹೊರಗಿನ ಸಾಕ್ಷ್ಯ ತರಬಹುದು ಎಂಬ ವಿನಾಯಿತಿ ಅದರೊಳಗೇ ಇದೆ. ಕರಾರಿಗೆ ಮುಂಚೆ ಮಾಲೀಕರು ಕಳಿಸಿದ್ದ ‘ಶೇ. 5 ಹೆಚ್ಚಿಸಿದರೆ ಸಾಕು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬೆಲೆಬಾಳುವುದು ಈ ವಿನಾಯಿತಿಯ ಬಲದಿಂದಲೇ. ಅಂಥ ಸಂದೇಶವನ್ನು ನ್ಯಾಯಾಲಯದ ಮುಂದಿಡುವಾಗ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಮೊಬೈಲ್ ಬದಲಿಸಿದರೂ ಮೂಲ ಸಂಭಾಷಣೆ ಅಳಿಯದಂತೆ ಕಾಪಾಡಿಕೊಳ್ಳಬೇಕು. ಪರದೆಯ ಚಿತ್ರ ಮಾತ್ರ ಇಟ್ಟುಕೊಂಡರೆ ಸಾಲದು.

ಕರ್ನಾಟಕ ಬಾಡಿಗೆ ಕಾಯಿದೆ, 1999 ಇಂಥ ಪ್ರಕರಣಗಳಿಗೆ ಉಪಯೋಗಕ್ಕೆ ಬರುವುದು ಕಡಿಮೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಇಂದಿನ ಬಹುತೇಕ ಮನೆಗಳ ವಿವಾದಗಳು ಮೇಲೆ ಹೇಳಿದ ಸಾಮಾನ್ಯ ಕಾಯಿದೆಗಳ ಅಡಿಯಲ್ಲೇ ತೀರ್ಮಾನವಾಗುತ್ತವೆ.

ತಿದ್ದುವ ಬಗೆ

ತಪ್ಪು ಸಹಿಗೆ ಮುಂಚೆಯೇ ಕಂಡರೆ ಆ ಪುಟವನ್ನು ಮತ್ತೆ ಮುದ್ರಿಸಿದರೆ ಸಾಕು. ತಪ್ಪು ಇ-ಸ್ಟ್ಯಾಂಪ್ ಪ್ರಮಾಣಪತ್ರದಲ್ಲಿಯೇ ಇದ್ದು, ಹೆಸರಿನ ಒಂದೆರಡು ಅಕ್ಷರ ಮಾತ್ರ ವ್ಯತ್ಯಾಸವಾಗಿದ್ದರೆ, ಕರಾರಿನ ಒಳಗೆ ಎರಡೂ ಬರಹಗಳು ಒಬ್ಬರವೇ ಎಂದು ಸ್ಪಷ್ಟಪಡಿಸಬಹುದು. ಬೇರೆ ವ್ಯಕ್ತಿಯ ಹೆಸರೇ ಬಂದಿದ್ದರೆ ಹೊಸ ಪ್ರಮಾಣಪತ್ರ ಪಡೆಯುವುದೇ ಲೇಸು. ಪ್ರಮಾಣಪತ್ರದ ಮೇಲೆ ಪೆನ್ನಿನಿಂದ ತಿದ್ದುವುದು ಯಾವ ಸಂದರ್ಭದಲ್ಲಿಯೂ ಕೂಡದು.

ಇಬ್ಬರೂ ಸಹಿ ಹಾಕಿ, ಆದರೆ ನೋಟರಿಯಾಗಲಿ ನೋಂದಣಿಯಾಗಲಿ ಆಗಿರದ ಪತ್ರದಲ್ಲಿ ಸಣ್ಣ ತಪ್ಪು ಕಂಡರೆ ಕೈಬರಹದ ತಿದ್ದುಪಡಿ ಸಾಧ್ಯ. ತಪ್ಪಾದ ಪದವನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದ ಅಂಚಿನಲ್ಲಿ ಎರಡೂ ಪಕ್ಷಗಳು ದಿನಾಂಕ ಸಹಿತ ಸಹಿ ಮಾಡಬೇಕು, ಮತ್ತು ಮಾಲೀಕರ ಬಳಿ ಇರುವ ಪ್ರತಿ, ಬಾಡಿಗೆದಾರರ ಬಳಿ ಇರುವ ಪ್ರತಿ ಎರಡರಲ್ಲಿಯೂ ಒಂದೇ ಬಗೆಯ ತಿದ್ದುಪಡಿ ಆಗಬೇಕು. ವೈಟ್ನರ್ ಹಚ್ಚುವುದು, ಬ್ಲೇಡಿನಿಂದ ಕೆರೆಯುವುದು, 5ನ್ನು 6 ಮಾಡುವಂತೆ ಅಂಕಿಯ ಮೇಲೆಯೇ ಬರೆಯುವುದು ಇವು ಸಂಶಯಕ್ಕೆ ಎಡೆಮಾಡುತ್ತವೆ. ಒಂದು ಪಕ್ಷ ಇನ್ನೊಂದರ ಒಪ್ಪಿಗೆಯಿಲ್ಲದೆ ಮುಖ್ಯ ಷರತ್ತನ್ನು ಬದಲಿಸಿದರೆ, ಆ ಪತ್ರವನ್ನು ಒಪ್ಪಿಗೆ ಕೊಡದ ಪಕ್ಷದ ವಿರುದ್ಧ ಜಾರಿಗೊಳಿಸಲಾಗದು ಎಂಬುದು ಸ್ಥಾಪಿತ ತತ್ವ. ನಿಜವಾದ ತಪ್ಪನ್ನು ಸದುದ್ದೇಶದಿಂದಲೇ ಸರಿಪಡಿಸಿದರೂ, ಒಬ್ಬರೇ ಕುಳಿತು ಸರಿಪಡಿಸಿದರೆ ಈ ಆಪತ್ತು ತಪ್ಪುವುದಿಲ್ಲ.

ಬಾಡಿಗೆ, ಮುಂಗಡ, ಅವಧಿ, ಮನೆಯ ವಿವರ ಇವುಗಳಲ್ಲಿ ಯಾವುದು ತಪ್ಪಾಗಿದ್ದರೂ ಅಂಚಿನ ಸಹಿಗಿಂತ ಪ್ರತ್ಯೇಕ ತಿದ್ದುಪಡಿ ಪತ್ರವೇ ಉತ್ತಮ. ತಿದ್ದುಪಡಿ ಪತ್ರವೆಂದರೆ ಮೂಲ ಕರಾರನ್ನು ಹೆಸರಿಸಿ, ಅದರ ಯಾವ ಭಾಗವನ್ನು ಹೇಗೆ ಓದಿಕೊಳ್ಳಬೇಕೆಂದು ಅದೇ ಪಕ್ಷಗಳು ಸಹಿ ಹಾಕಿ ಹೇಳುವ ಕಿರುಪತ್ರ. ಒಪ್ಪಂದ ಕಾಯಿದೆಯ 62ನೇ ಕಲಂ ಎರಡೂ ಪಕ್ಷಗಳ ಒಪ್ಪಿಗೆಯಿಂದ ಆಗುವ ಇಂಥ ಮಾರ್ಪಾಟನ್ನು ಮಾನ್ಯ ಮಾಡುತ್ತದೆ. ಅದರ ಒಡಲು ಹೆಚ್ಚು ಉದ್ದ ಇರಬೇಕಾಗಿಲ್ಲ. ಮುಂಗಡದ ಒಂದು ಸೊನ್ನೆ ತಪ್ಪಿಹೋದ ಪ್ರಕರಣದಲ್ಲಿ ಹೀಗೆ ಬರೆಯಬಹುದು: ‘ದಿನಾಂಕ 01-06-2025ರ ಬಾಡಿಗೆ ಕರಾರು ಪತ್ರದ 2ನೇ ಪುಟದ 4ನೇ ಷರತ್ತಿನಲ್ಲಿ ಮುಂಗಡದ ಮೊತ್ತ ರೂ. 15,000 ಎಂದು ಕೈತಪ್ಪಿನಿಂದ ನಮೂದಾಗಿದ್ದು, ಅದನ್ನು ರೂ. 1,50,000 (ಒಂದು ಲಕ್ಷದ ಐವತ್ತು ಸಾವಿರ ರೂಪಾಯಿ ಮಾತ್ರ) ಎಂದು ಓದಿಕೊಳ್ಳತಕ್ಕದ್ದು. ಈ ತಿದ್ದುಪಡಿ ಮೂಲ ಕರಾರು ಆರಂಭವಾದ ದಿನದಿಂದಲೇ ಅನ್ವಯಿಸುತ್ತದೆ. ಉಳಿದ ಎಲ್ಲ ಷರತ್ತುಗಳು ಯಥಾವತ್ತಾಗಿ ಮುಂದುವರಿಯುತ್ತವೆ.’ ಇದರಲ್ಲಿ ಕೊನೆಯ ಎರಡು ವಾಕ್ಯಗಳನ್ನು ಬಿಡಬಾರದು. ಮೊದಲನೆಯದಿಲ್ಲದಿದ್ದರೆ ತಿದ್ದುಪಡಿ ಅದಕ್ಕೆ ಸಹಿಯಾದ ದಿನದಿಂದ ಮಾತ್ರ ಜಾರಿಗೆ ಬಂತೆಂದು ವಾದಿಸಬಹುದು, ಎರಡನೆಯದಿಲ್ಲದಿದ್ದರೆ ಕಿರುಪತ್ರವೇ ಹೊಸ ಕರಾರಾಗಿ ಮೂಲವನ್ನು ನುಂಗಿತೆನ್ನಬಹುದು. ಮೂಲದ ಸಾಕ್ಷಿಗಳೇ ಇದಕ್ಕೂ ಸಹಿ ಹಾಕಿದರೆ ಒಳ್ಳೆಯದು.

ತಿದ್ದುಪಡಿ ಪತ್ರಕ್ಕೂ ಛಾಪಾ ಶುಲ್ಕ ತಗಲುತ್ತದೆ, ಮತ್ತು ಕರ್ನಾಟಕದಲ್ಲಿ ಗುತ್ತಿಗೆಯ ಶುಲ್ಕವನ್ನು ಬಾಡಿಗೆ ಮತ್ತು ಮುಂಗಡ ಎರಡನ್ನೂ ಗಣಿಸಿ ಲೆಕ್ಕ ಹಾಕುವುದರಿಂದ, ಆ ಮೊತ್ತಗಳು ತಿದ್ದುಪಡಿಯಿಂದ ಹೆಚ್ಚಾದರೆ ಮೂಲದ ಶುಲ್ಕ ಸಾಕಾಗಿತ್ತೇ ಎಂದೂ ನೋಡಬೇಕಾಗುತ್ತದೆ. 1957ರ ಕರ್ನಾಟಕ ಸ್ಟ್ಯಾಂಪು ಕಾಯಿದೆಯ 34ನೇ ಕಲಂ ಪ್ರಕಾರ ಕಡಿಮೆ ಶುಲ್ಕದ ಪತ್ರವನ್ನು ಸಾಕ್ಷ್ಯವಾಗಿ ಒಪ್ಪಿಸಬೇಕಾದರೆ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕು. ಶುಲ್ಕ ಉಳಿಸಲು ಮುಂಗಡವನ್ನು ಬೇಕೆಂದೇ ಕಡಿಮೆ ಬರೆಸಿ, ವಿವಾದ ಎದ್ದಾಗ ಅದನ್ನು ಕೈತಪ್ಪು ಎನ್ನುವವರೂ ಇದ್ದಾರೆ. 11 ತಿಂಗಳ ಕರಾರಿನಲ್ಲಿ ಉಳಿಯುವ ಶುಲ್ಕ ಮುಂಗಡದ ಎದುರು ಅತ್ಯಲ್ಪ. ಅಪಾಯಕ್ಕೆ ಒಡ್ಡಿಕೊಳ್ಳುವ ಮೊತ್ತ ಮಾತ್ರ ಲಕ್ಷಗಳಲ್ಲಿರುತ್ತದೆ, ಮತ್ತು ಬೇಕೆಂದು ಬರೆದದ್ದನ್ನು ಪರಸ್ಪರ ತಪ್ಪೆಂದು ಸಾಧಿಸುವುದು ಕಷ್ಟ.

ನೋಟರಿ ಮಾಡಿಸಿದ ಕರಾರನ್ನು ಆಮೇಲೆ ಕೈಬರಹದಲ್ಲಿ ತಿದ್ದಿದರೆ ನೋಟರಿ ನೋಡಿದ ಪತ್ರವೇ ಬೇರೆ, ಕೈಯಲ್ಲಿರುವ ಪತ್ರವೇ ಬೇರೆ ಎಂಬಂತಾಗುವುದರಿಂದ, ತಿದ್ದುಪಡಿ ಪತ್ರವನ್ನೇ ಬರೆದು ಅದನ್ನೂ ನೋಟರಿ ಮಾಡಿಸಬೇಕು. ನೋಟರಿಯ ಮೊಹರು ನೋಂದಣಿಗೆ ಬದಲಿಯಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ನೋಂದಣಿಯಾದ ಕರಾರಾದರೆ ತಿದ್ದುಪಡಿ ಪತ್ರವೂ ನೋಂದಣಿಯಾಗಲೇಬೇಕು. ನೋಂದಾಯಿತ ಪತ್ರವನ್ನು ಬಾಯಿಮಾತಿನ ಒಪ್ಪಂದದಿಂದ ಬದಲಿಸಿದೆವೆಂದು ಹೇಳಲು ಸಾಕ್ಷ್ಯದ ಕಾನೂನು ಅವಕಾಶ ಕೊಡುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮೂಲದ ನೋಂದಣಿ ಸಂಖ್ಯೆಯೊಂದಿಗೆ ವಿವರ ತುಂಬಿ, ಇಬ್ಬರೂ ಕಚೇರಿಗೆ ಹಾಜರಾಗಬೇಕಾಗುತ್ತದೆ. ನೋಂದಣಿಗೆ ತರುವ ಪತ್ರದಲ್ಲಿಯೇ ಹೊಡೆದುಹಾಕಿದ ಅಥವಾ ಸೇರಿಸಿದ ಪದಗಳಿದ್ದು ಅವುಗಳ ಪಕ್ಕದಲ್ಲಿ ಪಕ್ಷಗಳ ಸಹಿ ಇಲ್ಲದಿದ್ದರೆ, ಅಂಥ ಪತ್ರವನ್ನು ನಿರಾಕರಿಸುವ ಅಧಿಕಾರ ನೋಂದಣಿ ಕಾಯಿದೆಯ 20ನೇ ಕಲಂ ಪ್ರಕಾರ ಅಧಿಕಾರಿಗೆ ಇದೆ.

ಇನ್ನೊಬ್ಬರು ಒಪ್ಪದಿದ್ದರೆ

ತಪ್ಪು ಕಂಡವರು ಮೊದಲು ಮಾಡಬೇಕಾದ ಕೆಲಸ ಅದನ್ನು ಬರಹದಲ್ಲಿ ತಿಳಿಸುವುದು. ಎದುರಿಗೆ ಸಿಕ್ಕಾಗ ಹೇಳಿದರಾಯಿತೆಂದು ಬಿಡುವುದರಿಂದಲೇ ಬಹಳಷ್ಟು ಪ್ರಕರಣಗಳು ಹದಗೆಡುತ್ತವೆ. ತಪ್ಪಾದ ಷರತ್ತಿನ ಸಂಖ್ಯೆ, ಮೊದಲು ಒಪ್ಪಿದ್ದು ಏನು, ಅದಕ್ಕೆ ಆಧಾರವೇನು, ಎಷ್ಟು ದಿನದೊಳಗೆ ತಿದ್ದುಪಡಿ ಪತ್ರಕ್ಕೆ ಸಹಿ ಬೇಕು ಎಂಬ ನಾಲ್ಕು ಸಂಗತಿಗಳು ಇ-ಮೇಲ್‌ನಲ್ಲಿಯೋ ಸಂದೇಶದಲ್ಲಿಯೋ ಇದ್ದರೆ ಸಾಕು. ಆಪಾದನೆಯ ಧ್ವನಿ ಇರಬಾರದು. ‘ಬೆರಳಚ್ಚಿನಲ್ಲಿ ವ್ಯತ್ಯಾಸವಾಗಿದೆ, ದಯವಿಟ್ಟು ಸರಿಪಡಿಸೋಣ’ ಎಂಬ ಮಾತಿಗೆ ಬರುವ ಉತ್ತರ ಬಹುಮಟ್ಟಿಗೆ ಒಪ್ಪಿಗೆಯೇ ಆಗಿರುತ್ತದೆ, ಮತ್ತು ಆ ಉತ್ತರವೇ ಪರಸ್ಪರ ತಪ್ಪಿಗೆ ಗಟ್ಟಿಯಾದ ಸಾಕ್ಷ್ಯವಾಗುತ್ತದೆ.

ವಿವಾದ ಇತ್ಯರ್ಥವಾಗುವವರೆಗೆ ಬಾಡಿಗೆಯನ್ನು ತಡೆಹಿಡಿಯುವುದು ಬಾಡಿಗೆದಾರರು ಮಾಡುವ ದೊಡ್ಡ ಎಡವಟ್ಟು, ಏಕೆಂದರೆ ಅದರಿಂದ ಬೆರಳಚ್ಚಿನ ವಿವಾದ ಬಾಡಿಗೆ ಬಾಕಿಯ ವಿವಾದವಾಗಿ ಮಾರ್ಪಟ್ಟು ಪಾತ್ರಗಳೇ ಅದಲುಬದಲಾಗುತ್ತವೆ. ಇಬ್ಬರೂ ಒಪ್ಪುವ ಮೊತ್ತವನ್ನು ನಿಗದಿತ ದಿನದಂದು ಬ್ಯಾಂಕಿನ ಮೂಲಕವೇ ಪಾವತಿಸಿ, ಬಾಡಿಗೆ ಏರಿಕೆಯ ಮೇಲಿನ ಉದಾಹರಣೆಯಲ್ಲಾದರೆ ವ್ಯತ್ಯಾಸದ 1,100 ರೂಪಾಯಿಯ ಬಗ್ಗೆ ಆಕ್ಷೇಪಣೆ ಇದೆಯೆಂದು ಅದೇ ದಿನ ಬರೆದು ತಿಳಿಸಬಹುದು. ಪೂರ್ತಿ ಮೊತ್ತ ಕೊಡುವುದೇ ಕ್ಷೇಮವೆನಿಸಿದರೆ ಹಕ್ಕನ್ನು ಕಾಯ್ದಿರಿಸಿ ಕೊಡಲಾಗಿದೆ ಎಂದು ಬರೆದು ಕೊಡಬಹುದು. ಏನೂ ಹೇಳದೆ ಆರು ತಿಂಗಳು 24,200 ರೂಪಾಯಿ ಕಟ್ಟುತ್ತ ಬಂದವರು ಆಮೇಲೆ ಒಪ್ಪಿದ್ದು 23,100 ಎಂದರೆ ಅವರ ನಡತೆಯೇ ಅವರ ಮಾತಿಗೆ ಎದುರು ನಿಲ್ಲುತ್ತದೆ. ಮಾಲೀಕರಿಗೂ ಇದೇ ಮಾತು ಅನ್ವಯಿಸುತ್ತದೆ: ತಪ್ಪಾಗಿ ಕಡಿಮೆ ನಮೂದಾದ ಬಾಡಿಗೆಯನ್ನು ತಿಂಗಳುಗಟ್ಟಲೆ ಸುಮ್ಮನೆ ಪಡೆದವರು ಬಾಕಿ ಕೇಳುವುದು ಸುಲಭವಲ್ಲ.

ತಿದ್ದುಪಡಿಗೆ ಸಹಿ ಬೀಳುವ ಮುನ್ನವೇ ಹಳೆಯ ಅವಧಿ ಮುಗಿದರೂ ಗಾಬರಿಪಡಬೇಕಾಗಿಲ್ಲ. ಅವಧಿ ಮುಗಿದ ಮೇಲೆಯೂ ಬಾಡಿಗೆದಾರರು ಮನೆಯಲ್ಲಿದ್ದು ಮಾಲೀಕರು ಬಾಡಿಗೆ ಸ್ವೀಕರಿಸಿದರೆ, ವಿರುದ್ಧವಾದ ಒಪ್ಪಂದ ಇಲ್ಲದ ಪಕ್ಷದಲ್ಲಿ, ವಾಸದ ಮನೆಯ ಗುತ್ತಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ ಎಂದು ಆಸ್ತಿ ವರ್ಗಾವಣೆ ಕಾಯಿದೆಯ 116ನೇ ಕಲಂ ಹೇಳುತ್ತದೆ.

ಬರಹದ ಕೋರಿಕೆಗೆ ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸು, ಅದಕ್ಕೂ ಮಣಿಯದಿದ್ದರೆ ದಾವೆ ಎಂಬುದು ಕ್ರಮ. ತಪ್ಪಿನ ಆಧಾರದ ಮೇಲೆ ಪರಿಹಾರ ಕೇಳುವ ದಾವೆಗೆ ಕಾಲದ ಲೆಕ್ಕ ಶುರುವಾಗುವುದು ತಪ್ಪು ತಿಳಿದ ದಿನದಿಂದ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ, ಎಂದು 1963ರ ಕಾಲಮಿತಿ ಕಾಯಿದೆಯ 17ನೇ ಕಲಂ ಹೇಳುತ್ತದೆ. ಹಾಗಿದ್ದರೂ ಕೆಲವು ಸಾವಿರ ರೂಪಾಯಿಯ ವ್ಯತ್ಯಾಸಕ್ಕೆ ಸಿವಿಲ್ ದಾವೆ ಹೂಡುವುದು ವಿವೇಕವಲ್ಲ, ಏಕೆಂದರೆ 11 ತಿಂಗಳ ಕರಾರು ಮುಗಿದುಹೋದ ಮೇಲೂ ದಾವೆ ನಡೆಯುತ್ತಲೇ ಇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ರಾಜಿಗೆ ಅರ್ಜಿ ಕೊಡುವ ದಾರಿ ಇದಕ್ಕಿಂತ ಅಗ್ಗ. ಅಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ವಕೀಲರ ನೆರವೂ ಉಚಿತವಾಗಿ ಸಿಗುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಸಹಿ ಹಾಕಿದವರು ಯಾರು

ಪದಗಳೆಲ್ಲ ಸರಿಯಿದ್ದು ಸಹಿ ಹಾಕಿದವರೇ ತಪ್ಪಾಗಿರುವ ಸಂದರ್ಭವೂ ಉಂಟು. ತಂದೆ ತೀರಿಕೊಂಡ ಮೇಲೆ ಒಬ್ಬ ಮಗ ಮಾತ್ರ ಮಾಲೀಕನೆಂದು ಸಹಿ ಹಾಕುವುದು, ಮನೆ ಮಾರಾಟವಾದ ಮೇಲೂ ಹಳೆಯ ಮಾಲೀಕರ ಹೆಸರೇ ಉಳಿಯುವುದು, ವಿದೇಶದಲ್ಲಿರುವ ಮಾಲೀಕರ ಪರವಾಗಿ ಅಧಿಕಾರ ಪತ್ರವಿಲ್ಲದೆ ಸಂಬಂಧಿಕರು ಸಹಿ ಮಾಡುವುದು ಇವನ್ನು ತಿದ್ದುಪಡಿ ಪತ್ರದಿಂದ ಸರಿಪಡಿಸುವುದಕ್ಕಿಂತ, ಹಕ್ಕಿರುವವರೆಲ್ಲರ ಸಹಿಯೊಂದಿಗೆ ಹೊಸ ಕರಾರು ಮಾಡಿಕೊಂಡು ಹಳೆಯ ಮುಂಗಡದ ಹೊಣೆಯನ್ನು ಹೊಸ ಮಾಲೀಕರು ಒಪ್ಪಿಕೊಂಡಿದ್ದಾರೆಂದು ಬರೆಸುವುದು ಯುಕ್ತ. ಮಾಲೀಕರ ಹೆಸರು ಮತ್ತು ಪ್ಯಾನ್ ತಪ್ಪಾಗಿದ್ದರೆ ತೆರಿಗೆಯಲ್ಲಿಯೂ ತೊಡಕಾಗುತ್ತದೆ. ವಾರ್ಷಿಕ ಬಾಡಿಗೆ 1 ಲಕ್ಷ ರೂಪಾಯಿ ಮೀರಿದಾಗ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಉದ್ಯೋಗದಾತರು ಮಾಲೀಕರ ಪ್ಯಾನ್ ಕೇಳುತ್ತಾರೆ. ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರರೇ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು, 2024ರ ಅಕ್ಟೋಬರ್ 1ರಿಂದ ಅದರ ದರ ಶೇ. 2. ಮಾಲೀಕರು ಅನಿವಾಸಿಯಾದರೆ ಈ 50,000ದ ಮಿತಿಯೇ ಅನ್ವಯಿಸದೆ, ಬೇರೆ ದರದಲ್ಲಿ ಕಡಿತದ ಹೊಣೆ ಬರುತ್ತದೆ. ಹಾಗಾಗಿ ನವೀಕರಣದ ವೇಳೆ ಮಾಲೀಕತ್ವ ಊರಿನಲ್ಲಿರುವ ತಂದೆಯಿಂದ ಅಮೆರಿಕದಲ್ಲಿರುವ ಮಗಳಿಗೆ ಬದಲಾಗಿದ್ದನ್ನು ಗಮನಿಸದ ಬಾಡಿಗೆದಾರರು ತಿಳಿಯದೆಯೇ ತಪ್ಪಿತಸ್ಥರಾಗಬಹುದು.

ಹೊರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರು ಕರ್ನಾಟಕದ 11 ತಿಂಗಳ ರೂಢಿಯನ್ನೇ ಅಲ್ಲಿಗೂ ಅನ್ವಯಿಸಬಾರದು. ಮುಂಬಯಿ, ಪುಣೆಗಳಲ್ಲಿ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಂ ಪ್ರಕಾರ ಅವಧಿ ಎಷ್ಟೇ ಇದ್ದರೂ ಕರಾರು ಲಿಖಿತವಾಗಿ ನೋಂದಣಿಯಾಗಬೇಕು. ನೋಂದಣಿಯ ಹೊಣೆ ಮಾಲೀಕರದ್ದು, ಮತ್ತು ನೋಂದಣಿ ಇಲ್ಲದಿದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳುವ ಮಾತೇ, ಅದು ಸುಳ್ಳೆಂದು ಸಾಬೀತಾಗುವವರೆಗೆ, ನಡೆಯುತ್ತದೆ. ತಮಿಳುನಾಡಿನಲ್ಲಿ 2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾಯಿದೆ ಲಿಖಿತ ಕರಾರನ್ನೂ ಬಾಡಿಗೆ ಪ್ರಾಧಿಕಾರದಲ್ಲಿ ಅದರ ನೋಂದಣಿಯನ್ನೂ ಕಡ್ಡಾಯಗೊಳಿಸಿದೆ.

ತಿದ್ದುಪಡಿ ಪತ್ರಕ್ಕೆ ಸಹಿಯಾದ ಮೇಲೆ ಅದನ್ನು ಮೂಲ ಕರಾರಿನ ಹಿಂದೆಯೇ ಪಿನ್ನು ಮಾಡಿ ಇಡಬೇಕು, ಕಚೇರಿ, ಬ್ಯಾಂಕು ಎಂದು ಕರಾರಿನ ಪ್ರತಿ ಕೊಟ್ಟಿರುವಲ್ಲೆಲ್ಲ ಅದರ ಪ್ರತಿಯನ್ನೂ ಕೊಡಬೇಕು. ಮುಂದಿನ ನವೀಕರಣದಲ್ಲಿ ತಿದ್ದುಪಡಿಯನ್ನು ಉಲ್ಲೇಖಿಸುವುದರ ಬದಲು ಸರಿಯಾದ ಷರತ್ತನ್ನೇ ಪತ್ರದ ಒಳಗೆ ಬರೆಸಬೇಕು. ಬೆರಳಚ್ಚಿನ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುವುದು ತಪ್ಪಿದ್ದ ಪ್ರತಿಯೇ ಆದ್ದರಿಂದ, ಅದನ್ನೇ ಮತ್ತೆ ತೆರೆದರೆ ಹಳೆಯ ತಪ್ಪು ಹೊಸ ದಿನಾಂಕದೊಂದಿಗೆ ಮತ್ತೆ ಅಚ್ಚಾಗುತ್ತದೆ. ಮನೆ ಬಿಡುವಾಗ ಮುಂಗಡ ವಾಪಸಾತಿಯ ರಸೀದಿಯಲ್ಲಿ ಮೂಲ ಕರಾರು ಮತ್ತು ತಿದ್ದುಪಡಿ ಪತ್ರ ಎರಡರ ದಿನಾಂಕಗಳನ್ನೂ ನಮೂದಿಸಿ, ಎರಡರಡಿಯೂ ಯಾವ ಬಾಕಿಯೂ ಇಲ್ಲವೆಂದು ಇಬ್ಬರೂ ಸಹಿ ಹಾಕಬೇಕು.